ಲೈನಿನ ಆಚೆ ಈಚೆ

ದೆಹಲಿಯಲ್ಲಿ ಎಂ.ಎ. ಓದುತ್ತಿರುವ ಮಗಳು ಹೊಸ ಪಿ.ಜಿ. ಸಿಕ್ಕಿತೆಂದು ಫೋನು ಮಾಡಿದಳು. ಎಲ್ಲಿ ಎಂದು ಕೇಳಿದೆ. "ಸಿವಿಲ್ ಲೈನ್ಸ್ ಅಪ್ಪಾ. ಯೂನಿವರ್ಸಿಟಿಗೆ ಹತ್ರ. ಮೆಟ್ರೊ ಎಲ್ಲೋ ಲೈನಲ್ಲಿ ಅದೇ ಹೆಸರಿನ ಸ್ಟೇಷನ್ನೇ ಇದೆ" ಎಂದಳು. ಮಾತು ಸ್ಪೀಕರಿನಲ್ಲಿತ್ತು. ಒಳಕೋಣೆಯಲ್ಲಿ ಮಲಗಿದ್ದ ಅಮ್ಮನಿಗೂ ಕೇಳಿಸಿತು. ಎಂಬತ್ತು ದಾಟಿದ ಅವಳಿಗೆ ಈಗ ಹೇಳಿದ್ದರಲ್ಲಿ ಅರ್ಧ ಕೇಳಿಸುವುದಿಲ್ಲ. ಕೇಳಿಸಬಾರದ್ದು ಮಾತ್ರ ತಪ್ಪದೆ ಕೇಳಿಸುತ್ತದೆ. "ಲೈನಲ್ಲಾ? ಅಷ್ಟು ದೂರ ಓದೋಕೆ ಕಳಿಸಿ ಹುಡುಗೀನ ಲೈನಲ್ಲಿ ಇಡ್ತೀಯೇನೋ?" ಎಂದು ಎದ್ದು ಕೂತಳು.

ಸಿವಿಲ್ ಲೈನ್ಸ್ ಅಂದರೆ ಬ್ರಿಟಿಷರು ತಮ್ಮ ಅಧಿಕಾರಿಗಳಿಗಾಗಿ ಮಾಡಿದ ಬಡಾವಣೆ, ದೆಹಲಿಯಲ್ಲಿ, ಅಲಹಾಬಾದಿನಲ್ಲಿ, ಕಾನ್ಪುರದಲ್ಲಿ ಎಲ್ಲ ಕಡೆ ಇದೆ, ಅಗಲ ರಸ್ತೆ, ದೊಡ್ಡ ಕಾಂಪೌಂಡು, ಅಲ್ಲಿ ಜಾಗ ಕೊಳ್ಳುವುದು ನಮ್ಮಂಥವರಿಂದ ಆಗದ ಮಾತು ಎಂದು ವಿವರಿಸಿದೆ. ಅಮ್ಮ ತಲೆಯಾಡಿಸಿದಳು, ಒಪ್ಪಲಿಲ್ಲ. ಅವಳು ಬದುಕಿನ ದೊಡ್ಡ ಪಾಲು ಕಳೆದದ್ದು ಲೈನನ್ನು ನೋಡುತ್ತ, ಅದರಿಂದ ದೂರ ಇರುತ್ತ. ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ ಮತ್ತು ಕಾಲುದಾರಿ.

ಅದು ಮೂಡಿಗೆರೆ ಕಡೆಯ ಕಾಫಿ ತೋಟ. ತಂದೆ ಅಲ್ಲಿ ರೈಟರು. ಹಾಜರಿ, ಬಟವಾಡೆ, ಗೊಬ್ಬರ, ಕಾಫಿ ಮೂಟೆಗಳ ಲೆಕ್ಕ ಬರೆಯುವವರಿಗೆ ತೋಟಗಳಲ್ಲಿ ರೈಟರು ಎನ್ನುತ್ತಾರೆ. ಸಾಹಿತಿಯಾಗಬೇಕೆಂದು ಹೊರಟ ನನಗೆ ಆ ಹುದ್ದೆಯ ಹೆಸರು ಮುಂದೆ ಬಹಳ ತಮಾಷೆಯಾಗಿ ಕಂಡಿತು. ತೋಟದಲ್ಲಿ ಮನೆಗೆ ಮೂರು ಹೆಸರಿದ್ದವು. ಗುಡ್ಡದ ಮೇಲೆ ಸಾಹುಕಾರರದು ಬಂಗಲೆ. ನಡುವೆ ನಮ್ಮದು ಕ್ವಾರ್ಟರ್ಸು. ಕೆಳಗೆ, ಹೊಳೆಯ ಬದಿಯಲ್ಲಿ ಆಳುಗಳದು ಲೈನು. ಬಂಗಲೆಗೆ ಹೋಗುವುದಕ್ಕೆ "ಮೇಲೆ ಹೋಗುವುದು" ಎಂದೂ ಲೈನಿಗೆ ಹೋಗುವುದಕ್ಕೆ "ಇಳಿಯುವುದು" ಎಂದೂ ಹೇಳುತ್ತಿದ್ದೆವು. ನೆಲದ ಏರಿಳಿತ ನಿಜವಾಗಿಯೂ ಹಾಗೇ ಇದ್ದುದರಿಂದ ಆ ಮಾತಿನಲ್ಲಿ ಬೇರೇನಾದರೂ ಇದೆಯೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಲೈನೆಂದರೆ ಹಂಚು ಹೊದೆಸಿದ ಉದ್ದನೆಯ ಒಂದೇ ಕಟ್ಟಡ. ಬಾಗಿಲಿಗೊಂದು ಸಂಸಾರ. ಮುಂದೆ ಈ ತುದಿಯಿಂದ ಆ ತುದಿಯವರೆಗೆ ಜಗಲಿ. ಮನೆ ಮನೆಯ ನಡುವಿನ ಗೋಡೆ ಮಾಡಿನ ತನಕ ಮುಟ್ಟುತ್ತಿರಲಿಲ್ಲ. ಆದ್ದರಿಂದ ಒಂದು ಮನೆಯ ಹೊಗೆ, ಕೆಮ್ಮು, ಗಂಡಹೆಂಡಿರ ಜಗಳ, ಸುಟ್ಟ ಒಣಮೀನಿನ ವಾಸನೆ ಎಲ್ಲವೂ ಸಾಲಿನ ಕೊನೆಯ ಮನೆಯ ತನಕ ಹರಿದು ಹೋಗುತ್ತಿದ್ದವು. ಎಲ್ಲರಿಗೂ ಸೇರಿ ಒಂದು ನಲ್ಲಿ. ಬಟ್ಟೆ ಒಗೆಯಲು ಹೊಳೆ. ನಮ್ಮ ತೋಟದಲ್ಲಿ ಹೊಳೆ ಲೈನು, ಮೇಲಿನ ಲೈನು, ಹೊಸ ಲೈನು ಎಂದು ಇದ್ದವು. ಹೊಸ ಲೈನು ನಾನು ಹುಟ್ಟುವ ಮೊದಲೇ ಕಟ್ಟಿದ್ದು. ಹೆಸರು ಮಾತ್ರ ಹಳೆಯದಾಗಲಿಲ್ಲ.

ಬೆಳಿಗ್ಗೆ ಆಫೀಸಿನ ಮುಂದೆ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಬಡಿಯುತ್ತಿದ್ದರು. ಲೈನಿನವರು ಬಂದು ಲೈನಾಗಿ ನಿಲ್ಲುತ್ತಿದ್ದರು. ತಂದೆ ಚೆಕ್‌ರೋಲ್ ತೆರೆದು ಹೆಸರು ಕೂಗುತ್ತಿದ್ದರು. ಮೇಸ್ತ್ರಿ ಇವತ್ತು ಯಾರು ಮರಗಸಿಗೆ, ಯಾರು ಕಳೆಗೆ, ಯಾರು ನರ್ಸರಿಗೆ ಎಂದು ಹಂಚುತ್ತಿದ್ದ. ನವೆಂಬರಿನಿಂದ ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲು ಶುರುವಾದರೆ ಲೈನು ತುಂಬಿ ಜಗಲಿಯಲ್ಲೂ ಜನ ಮಲಗುತ್ತಿದ್ದರು. ಘಟ್ಟದ ಕೆಳಗಿನಿಂದ ತುಳು ಮಾತಾಡುವವರು, ತಮಿಳು ಸೀಮೆಯವರು, ಬಯಲುಸೀಮೆಯವರು, ಎಲ್ಲರೂ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡೇ ಬಂದಿರುತ್ತಿದ್ದರು. ಎಷ್ಟೋ ಸಂಸಾರಗಳಿಗೆ ಮುಂಗಡ ತೀರುವುದರೊಳಗೆ ಮುಂದಿನ ಮುಂಗಡ ಬೇಕಾಗುತ್ತಿತ್ತು. ಅದನ್ನು ಬರೆದಿಡುತ್ತಿದ್ದುದೂ ನನ್ನ ತಂದೆಯೇ. ಅವರು ಒಳ್ಳೆಯ ಮನುಷ್ಯ. ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚು ಬರೆದವರಲ್ಲ. ಆದರೆ ಸರಿಯಾಗಿ ಬರೆದ ಲೆಕ್ಕವೂ ಜನರನ್ನು ಕಟ್ಟಿಹಾಕಬಲ್ಲದು ಎಂಬುದನ್ನು ಅವರು ಕೊನೆಯ ತನಕ ಒಪ್ಪಲಿಲ್ಲ. "ನಾನೇನು ಸಾಲ ಮಾಡಿ ಅಂದ್ನಾ?" ಎನ್ನುತ್ತಿದ್ದರು.

ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ತಿದ್ದಲು ಶುರುಮಾಡಿದ್ದು ಐದನೇ ಕ್ಲಾಸಿನಲ್ಲಿ. ಒಂದೆರಡು ವರ್ಷ ಕಳೆದ ಮೇಲೆ ಇಂಗ್ಲಿಷ್ ಮೇಷ್ಟ್ರು ಒಂದೊಂದು ಪದ ಬರೆದು ಅದಕ್ಕೆ ಸಮಾನಪದ ಹೇಳಿ ಎನ್ನುವ ಅಭ್ಯಾಸ ಇಟ್ಟುಕೊಂಡಿದ್ದರು. ಒಂದು ದಿನ ಲೈನ್ ಎಂದು ಬರೆದರು. ಗೆರೆ, ಸಾಲು, ಪಂಕ್ತಿ, ಹಗ್ಗ ಎಂದು ಒಬ್ಬೊಬ್ಬರು ಒಂದೊಂದು ಹೇಳಿದೆವು. ಬಸ್ಸಿನ ಏಜೆಂಟರ ಮಗ, "ಸಾರ್, ಬಸ್ಸು ಹೋಗೋ ರೂಟು" ಎಂದ. ಅದೂ ಬೋರ್ಡಿನ ಮೇಲೆ ಹೋಯಿತು. ಹೊಳೆ ಲೈನಿನ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು, "ಸಾರ್, ಲೈನು ಅಂದ್ರೆ ನಮ್ಮನೆ" ಎಂದ. ಕ್ಲಾಸು ನಕ್ಕಿತು. ಮೇಷ್ಟ್ರು, "ಅದು ಇಂಗ್ಲಿಷಲ್ಲ, ಕೂತ್ಕೋ" ಎಂದರು.

ಅದು ಇಂಗ್ಲಿಷೇ. ಸೈನ್ಯ ಬೀಡುಬಿಟ್ಟಲ್ಲಿ ಡೇರೆಗಳನ್ನು, ಗುಡಿಸಲುಗಳನ್ನು ಸಾಲಾಗಿ ಹಾಕುತ್ತಿದ್ದರು, ಆ ಸಾಲುಗಳಿಗೆ ಲೈನ್ಸ್ ಎನ್ನುತ್ತಿದ್ದರು. ದಂಡಿನವರಿಂದ ಅದು ಪೊಲೀಸರಿಗೆ ಬಂತು. ಪೊಲೀಸ್ ಲೈನು ಇವತ್ತಿಗೂ ನಮ್ಮ ಎಷ್ಟೋ ಊರುಗಳಲ್ಲಿದೆ. ಅಲ್ಲಿಂದ ತೋಟದ ದೊರೆಗಳಿಗೆ ಬಂತು. ಸಿಲೋನಿನಲ್ಲಿ, ಅಸ್ಸಾಮಿನಲ್ಲಿ, ಸಮುದ್ರದಾಚೆ ಫಿಜಿಯಲ್ಲಿ, ನಮ್ಮವರನ್ನು ಕೂಲಿಗೆ ಕರೆದೊಯ್ದ ಕಡೆಯಲ್ಲೆಲ್ಲ ಕೂಲಿ ಲೈನುಗಳು ಎದ್ದವು. ಅಧಿಕಾರಿ ಇದ್ದರೆ ಸಿವಿಲ್ ಲೈನ್ಸ್, ಆಳು ಇದ್ದರೆ ಕೂಲಿ ಲೈನ್ಸ್. ಮೇಷ್ಟ್ರು ಬೋರ್ಡಿನ ಮೇಲೆ ಬರೆಯದೆ ಬಿಟ್ಟ ಅರ್ಥವೇ ಶಾಲೆಯ ಅರ್ಧ ಮಕ್ಕಳ ವಿಳಾಸವಾಗಿತ್ತು.

ಆ ದಿನಗಳಲ್ಲಿ ನಮ್ಮ ನಾಲಗೆಯ ಮೇಲೆ ಬೇರೆ ಲೈನುಗಳೂ ಬೇಕಾದಷ್ಟಿದ್ದವು. ಚಿಕ್ಕಮಗಳೂರಿನ ದೊಡ್ಡಪ್ಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬಂಗಲೆಯ ವರಾಂಡದಲ್ಲಿ ಲೈನು ಸಿಗುವುದನ್ನು ಕಾಯುತ್ತ ಕೂರುತ್ತಿದ್ದೆವು. ಸಿಕ್ಕಿದ ಲೈನಿನಲ್ಲಿ ಮಾತಿಗಿಂತ ಕೂಗು ಹೆಚ್ಚು. ಹೈಸ್ಕೂಲಿಗೆ ಹೋದಾಗ ದೊಡ್ಡ ಹುಡುಗರು ಲೈನು ಹೊಡೆಯುವುದನ್ನು ಕಲಿಸಿದರು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟಿನ ಲೈನು ಹರಿದರೆ ವಾರಗಟ್ಟಲೆ ಕತ್ತಲು. ಆಗ ತೋಟದಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ಕೆ.ಇ.ಬಿ. ಲೈನ್‌ಮ್ಯಾನು. ಬಂಗಲೆ, ಕ್ವಾರ್ಟರ್ಸು, ಲೈನು ಮೂರೂ ಕಡೆ ಕಾಫಿ ಕುಡಿಯುವ ಸ್ವಾತಂತ್ರ್ಯ ಇದ್ದದ್ದು ಅವನೊಬ್ಬನಿಗೇ. ಕರೆಂಟು ಮೊದಲು ಬಂಗಲೆಗೆ ಬಂತು, ಕೆಲ ಕಾಲದ ಮೇಲೆ ನಮ್ಮ ಮನೆಗೆ. ಮೇಲಿನ ಲೈನಿನ ಪಕ್ಕದಲ್ಲೇ ಕಂಬ ಹಾದುಹೋಗಿದ್ದರೂ ಅಲ್ಲಿ ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯೇ. "ಲೈನಿಗೆ ಲೈನು ಎಳೆದಿಲ್ಲ" ಎನ್ನುವುದು ತೋಟದಲ್ಲಿ ಓಡಾಡುತ್ತಿದ್ದ ಜೋಕು. ಆ ಜೋಕು ಹುಟ್ಟಿದ್ದು ಲೈನಿನಲ್ಲೇ ಎಂದು ನನಗೆ ಗೊತ್ತಾದದ್ದು ತಡವಾಗಿ.

ನನಗೆ ಲೈನಿನ ಒಳಗನ್ನು ತೋರಿಸಿದವಳು ನಮ್ಮ ಮನೆಗೆ ಸೌದೆ, ನೀರು ತರುತ್ತಿದ್ದ ಹೆಂಗಸು. ಬಂಟ್ವಾಳದ ಕಡೆಯವಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳಿರಬೇಕು; ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಮ್ಮ ಬಾಣಂತಿತನಕ್ಕೆಂದು ತವರಿಗೆ ಹೋಗಿದ್ದಾಗ ಮಧ್ಯಾಹ್ನ ನನ್ನನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ಅವಳಿಗೆ ಅದಕ್ಕಾಗಿ ನಮ್ಮ ಮನೆಯಲ್ಲಿ ಕೂರುವ ಹಾಗಿರಲಿಲ್ಲ. ನನ್ನನ್ನೇ ಲೈನಿಗೆ ಕರೆದುಕೊಂಡು ಹೋಗುತ್ತಿದ್ದಳು. ಸೆಗಣಿ ಸಾರಿಸಿದ ನೆಲ, ಗೋಡೆಯ ತುಂಬ ಹಳೆಯ ಕ್ಯಾಲೆಂಡರಿನ ದೇವರುಗಳು, ಗೂಟಕ್ಕೆ ನೇತುಹಾಕಿದ ಕತ್ತಿ, ಮೂಲೆಯಲ್ಲಿ ಗಂಜಿಯ ಮಡಕೆ. ಆಚೆ ಮನೆಯಿಂದ ಗೋಡೆಯ ಮೇಲ್ಗಡೆಯಿಂದಲೇ ಯಾರೋ ಮಾತಾಡಿಸುತ್ತಿದ್ದರು, ಇವಳು ಗಂಜಿ ಬಸಿಯುತ್ತ ಉತ್ತರ ಕೊಡುತ್ತಿದ್ದಳು. ಲೈನಿನ ಒಳಗೆ ಯಾರೂ ಲೈನು ಎನ್ನುತ್ತಿರಲಿಲ್ಲ ಎಂಬುದನ್ನು ನಾನು ಅಲ್ಲಿ ಗಮನಿಸಿದೆ. ಅವಳು ಮಗನನ್ನು ಕರೆಯುತ್ತಿದ್ದದ್ದು "ಇಲ್ಲಡೆ ಬಲ" ಎಂದು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಪಕ್ಕದ ತಮಿಳರಿಗೆ ಅದೇ ವೀಡು. ಲೈನು ಎನ್ನುವುದು ಮೇಲಿನಿಂದ ನೋಡುವವರ ಮಾತು. ಕಟ್ಟಡ ಉದ್ದಕ್ಕೆ ಸಾಲಾಗಿ ಕಾಣುವುದು ದೂರದಿಂದ ನೋಡಿದಾಗ. ಒಳಗೆ ಕೂತವರಿಗೆ ಕಾಣುವುದು ತಮ್ಮ ನಾಲ್ಕು ಗೋಡೆ.

ಅಮ್ಮ ತವರಿನಿಂದ ಬಂದ ಮೇಲೆ ವಿಷಯ ಗೊತ್ತಾಗಿ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹಾಕಿದಳು. ಅಕ್ಕನಿಗೆ ಹಿತ್ತಿಲ ಬಾಗಿಲಲ್ಲಿ ಬೇರೆ ಲೋಟ ಇತ್ತು. ಅವಳೇ ತೊಳೆದು ಕವುಚಿಟ್ಟು ಹೋಗುತ್ತಿದ್ದಳು. ಊರಿನಲ್ಲಾಗಿದ್ದರೆ ಇದಕ್ಕೆ ಜಾತಿ ಎನ್ನಬೇಕಾಗುತ್ತಿತ್ತು, ಆ ಜನ ಇರುವ ಜಾಗಕ್ಕೆ ಕೇರಿ ಎನ್ನಬೇಕಾಗುತ್ತಿತ್ತು. ತೋಟದಲ್ಲಿ ಅಷ್ಟು ಹೇಳುವ ಕಷ್ಟವಿರಲಿಲ್ಲ. "ಲೈನಿನವರು" ಎಂದರೆ ಸಾಕು, ಎಲ್ಲ ಬಂತು. ಓದಿದವರು, ಜಾತಿ ಗೀತಿ ನೋಡುವುದಿಲ್ಲ ಎನ್ನುವವರು ಕೂಡ ಮಕ್ಕಳಿಗೆ "ಲೈನಿನ ಭಾಷೆ ಆಡಬೇಡ" ಎಂದು ಗದರುತ್ತಿದ್ದರು. ಇಂಗ್ಲಿಷ್ ಪದಕ್ಕೆ ಮೈಲಿಗೆ ಇಲ್ಲವಲ್ಲ, ಬಾಯಲ್ಲಿ ಸಲೀಸಾಗಿ ಹೊರಳುತ್ತಿತ್ತು. ಆದರೆ ಲೈನಿನ ಒಳಗೆ ನಡೆದಿದ್ದೇ ಬೇರೆ. ಊರಿನಲ್ಲಿ ಒಬ್ಬರ ಬಾವಿ ಇನ್ನೊಬ್ಬರು ಮುಟ್ಟದಂಥ ಜಾತಿಗಳವರು ಅಲ್ಲಿ ಒಂದೇ ಮಾಡಿನ ಕೆಳಗೆ, ಮಾಡಿಗೆ ಮುಟ್ಟದ ಗೋಡೆಯ ಎರಡು ಬದಿ ಮಲಗುತ್ತಿದ್ದರು. ದೊರೆಗಳು ಅದನ್ನು ಸಮಾನತೆಗೆಂದು ಕಟ್ಟಿಸಿದ್ದಲ್ಲ, ಇಟ್ಟಿಗೆ ಉಳಿಯಲಿ ಎಂದು ಕಟ್ಟಿಸಿದ್ದು. ಆದರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದು ಬೆಳೆದ ಆ ಮಕ್ಕಳು ಕೆಲವು ವಿಷಯಗಳಲ್ಲಿ ಕ್ವಾರ್ಟರ್ಸಿನ ಮಕ್ಕಳಿಗಿಂತ ಎಷ್ಟೋ ಮುಂದಿದ್ದರು.

ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ನಾನು ಮೊದಲು ಹೋದದ್ದು ಕೆ.ಜಿ.ಎಫ್‌ಗೆ. ಕೌಂಟರಿಗೆ ಬಂದವರ ವಿಳಾಸದಲ್ಲೆಲ್ಲ ಲೈನು. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ಕೋರಮಂಡಲ್ ಎಂದು ಗಣಿಗೊಂದು ಪ್ರದೇಶ, ಪ್ರದೇಶಕ್ಕೆ ಹತ್ತಾರು ಲೈನು. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿಗೆ ಬಂದ ಮೇಲೆ ಆಳದ ಗಣಿಗಾರಿಕೆಗೆಂದು ಕರೆತಂದ ತಮಿಳು, ತೆಲುಗು ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಅವರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿದ್ದ ಊರು; ಬೆಂಗಳೂರಿನ ಬೀದಿದೀಪಗಳಿಗೆ ಅದು ಮುಟ್ಟಿದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಇಳಿದು ಹತ್ತುತ್ತಿದ್ದವರು ವಾಸವಾಗಿದ್ದುದು ನನ್ನ ತೋಟದ ಲೈನಿಗಿಂತ ಸಣ್ಣ ಕೋಣೆಗಳಲ್ಲಿ.

ಫಾರಂ ತುಂಬುವಾಗ ನಾನು ದನಿ ತಗ್ಗಿಸಿ, "ಲೈನಾ?" ಎಂದು ಕೇಳುತ್ತಿದ್ದೆ, ಅವರಿಗೆ ಮುಜುಗರವಾಗದಿರಲಿ ಎಂದು. ಅವರಿಗೆ ಯಾವ ಮುಜುಗರವೂ ಇರಲಿಲ್ಲ. ಲೈನಿನ ಹೆಸರನ್ನು ಜೋರಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಲೈನಿಗೊಂದು ಫುಟ್‌ಬಾಲ್ ತಂಡ, ಲೈನಿಗೊಂದು ಮಾರಿಯಮ್ಮನ ಗುಡಿ ಇಲ್ಲವೆ ಚರ್ಚು, ಅಂಬೇಡ್ಕರ್ ಪಟ ಹಾಕಿದ ವಾಚನಾಲಯ, ಯೂನಿಯನ್ನು. ಇಬ್ಬರು ಅಪರಿಚಿತರು ಭೇಟಿಯಾದರೆ ಮೊದಲ ಪ್ರಶ್ನೆ ಯಾವ ಲೈನು ಎಂಬುದು. ಮಲೆನಾಡಿಗರು ಯಾವ ಊರು ಎಂದು ಕೇಳುವ ಅದೇ ಧಾಟಿ. ಒಬ್ಬ ಹಿರಿಯ ಗಣಿ ಕೆಲಸಗಾರರು ನನ್ನನ್ನೂ ಕೇಳಿದರು. ನಾನು ಕಾಫಿ ತೋಟದವನು ಎಂದೆ. "ಹಾಗಾದ್ರೆ ನೀವೂ ಲೈನಿನವರೇ" ಎಂದು ಕೈ ಕುಲುಕಿದರು. ಅಲ್ಲ, ನಮ್ಮದು ಕ್ವಾರ್ಟರ್ಸು ಎಂದು ತಿದ್ದಬೇಕೆನ್ನಿಸಿತು. ಅವರ ಖುಷಿ ನೋಡಿ ಸುಮ್ಮನಾದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಕೆಲಸ ಹೋಯಿತು, ಲೈನು ಹೋಗಲಿಲ್ಲ. ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಅದೇ ಲೈನಿಗೆ ಬಂದು ಮಲಗುವವರು ಈಗಲೂ ಸಾವಿರಾರು.

ಆ ಹಿರಿಯರ ಮಾತು ಎಷ್ಟು ಸರಿ ಎಂದು ತಿಳಿದದ್ದು ತಂದೆ ನಿವೃತ್ತರಾದಾಗ. ತೋಟ ಕೆಲಸಗಾರರಿಗೆ ಮನೆ ಕೊಡಬೇಕು ಎಂದು ಆಗಿನ 1951ರ ಪ್ಲಾಂಟೇಷನ್ ಲೇಬರ್ ಆಕ್ಟ್ ಹೇಳುತ್ತಿತ್ತು. ಕೆಲಸ ಇರುವಷ್ಟು ದಿನ ಮನೆ. ಕೆಲಸ ಮುಗಿದವರ ಲೈನಿನ ಬೀಗದ ಕೈಯನ್ನು ತಂದೆ ಎಷ್ಟೋ ಸಲ ಇಸಿದುಕೊಂಡಿದ್ದರು. ಅದಕ್ಕೆಂದೇ ಒಂದು ರಿಜಿಸ್ಟರ್ ಇತ್ತು. ಕೊನೆಗೆ ಅದೇ ರಿಜಿಸ್ಟರಿನಲ್ಲಿ, ಅದೇ ಮಸಿಯಲ್ಲಿ, ಕ್ವಾರ್ಟರ್ಸು ತೆರವು ಎಂದು ತಮ್ಮ ಹೆಸರು ಬರೆದು ರುಜು ಹಾಕಿದರು. ಅಮ್ಮ ನೆಟ್ಟ ದಾಸವಾಳ, ಕರಿಬೇವು, ಅವಳೇ ದುಡ್ಡು ಕೊಟ್ಟು ಹಾಕಿಸಿದ ಬಚ್ಚಲ ಕಲ್ಲು ಎಲ್ಲವೂ ತೋಟದ್ದೇ ಆದವು. ಬಂಗಲೆ ಬೇರೆ, ಅದು ಸಾಹುಕಾರರ ಸ್ವಂತದ್ದು. ಆದರೆ ಕ್ವಾರ್ಟರ್ಸು ಮತ್ತು ಲೈನು ಎರಡೂ ಒಂದೇ ಅರ್ಥದ ಮಾತುಗಳು, ಒಂದರಲ್ಲಿ ಕೋಣೆ ಹೆಚ್ಚು ಅಷ್ಟೆ. ಒಂದು ಬೇಲಿಯ ಅಂತರವನ್ನು ಕಾಯುವುದಕ್ಕೆ ನನ್ನ ಮನೆಯವರು ಇಡೀ ಆಯಸ್ಸು ಸವೆಸಿದ್ದರು. ಲಾರಿಗೆ ಸಾಮಾನು ತುಂಬಲು ಬಂದವರು ಲೈನಿನವರೇ. ಅವತ್ತು ಅಮ್ಮ ಎಲ್ಲರಿಗೂ ಮನೆಯೊಳಗೇ ಕಾಫಿ ಕೊಟ್ಟಳು. ಲೋಟಗಳನ್ನೆಲ್ಲ ಪ್ಯಾಕ್ ಮಾಡಿಯಾಗಿತ್ತು, ಹೊರಗೆ ಉಳಿದಿದ್ದವುಗಳಲ್ಲಿ ಬೇರೆ ಲೋಟ ಯಾವುದೆಂದು ಹುಡುಕುವ ಪುರಸೊತ್ತು ಯಾರಿಗೂ ಇರಲಿಲ್ಲ.

ಆಮೇಲಿನ ಕಥೆ ಕಾಫಿ ಸೀಮೆಗೆಲ್ಲ ಗೊತ್ತು. ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ಹೋಯಿತು, ಬೆಳೆಗಾರರು ಬೇಕಾದವರಿಗೆ ಮಾರುವ ಹಾಗಾಯಿತು. ಕೆಲ ವರ್ಷ ಒಳ್ಳೆಯ ಬೆಲೆ, ಜೀಪು, ಹೊಸ ಬಂಗಲೆ. 2000ದ ಸುಮಾರಿಗೆ ಜಗತ್ತಿನಾದ್ಯಂತ ಬೆಲೆ ನೆಲಕಚ್ಚಿತು. ನಮ್ಮ ತೋಟವೂ ಕೈ ಬದಲಾಯಿತು. ಲೈನಿನಿಂದ ಸಂಸಾರಗಳು ಒಂದೊಂದಾಗಿ ಖಾಲಿಯಾದವು. ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ, ಮಂಗಳೂರಿನ ಹೋಟೆಲುಗಳಿಗೆ ಹೋದರು. ಈಗ ಕೊಯ್ಲಿಗೆ ಬರುವವರು ಅಸ್ಸಾಮಿನ ಕಡೆಯವರು. ಅವರಿಗೆ ಶೀಟಿನ ಶೆಡ್ಡು. ಹೊಳೆ ಲೈನು ಹೋಂಸ್ಟೇ ಆಗಿದೆ. ನಾನು ಹೋಗಿ ನೋಡಿ ಬಂದೆ. ಗೋಡೆಗಳನ್ನು ಮಾಡಿನ ತನಕ ಏರಿಸಿದ್ದಾರೆ, ಕೋಣೆಗೊಂದು ಬಾತ್‌ರೂಮು, ಜಗಲಿಯಲ್ಲಿ ಬೆತ್ತದ ಕುರ್ಚಿ. ಎರಡು ದಿನ ತಂಗಿದರೆ ಒಂದು ಕಾಲದಲ್ಲಿ ಅಲ್ಲಿನ ಒಂದು ಸಂಸಾರ ವರ್ಷವಿಡೀ ದುಡಿದದ್ದಕ್ಕಿಂತ ಹೆಚ್ಚು ಬಾಡಿಗೆ. ಬೋರ್ಡಿನಲ್ಲಿ ಲೈನು ಎಂಬ ಪದ ಉಳಿಸಿಕೊಂಡಿದ್ದಾರೆ, ಹಿಂದೆ ಹೆರಿಟೇಜ್ ಸೇರಿಸಿ. ನನಗೆ ಸಿಟ್ಟು ಬರಲಿಲ್ಲ. ಕಟ್ಟಡ ಉಳಿಯಿತಲ್ಲ ಎನ್ನಿಸಿತು. ಬಾತ್‌ರೂಮು ಆಗಲೇ ಕಟ್ಟಿಸಬಹುದಿತ್ತಲ್ಲ ಎಂದೂ ಅನ್ನಿಸಿತು. ಅಲ್ಲಿ ನೀರಿಗೆ ಎಂದೂ ಕೊರತೆ ಇರಲಿಲ್ಲ.

ಮುನ್ನಾರಿನ ಚಹಾ ತೋಟಗಳಲ್ಲಿ, ಸಿಂಹಳದ ಗುಡ್ಡಗಳಲ್ಲಿ ತಮಿಳರು ಲೈನನ್ನು ತಮ್ಮ ಬಾಯಿಗೆ ತಕ್ಕಂತೆ ಲಯಂ ಮಾಡಿಕೊಂಡಿದ್ದಾರೆ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಲಯಂಗಳ ಮೇಲೆ ಬಿದ್ದಿತು. ಮಲಗಿದಲ್ಲೇ 70 ಮಂದಿ ಹೋದರು. ಟಿ.ವಿ.ಯಲ್ಲಿ ಅದನ್ನು ನೋಡುತ್ತ ಅಮ್ಮ, "ನಮ್ಮ ಹೊಳೆ ಲೈನೂ ಹಂಗೇ ಗುಡ್ಡದ ಬುಡದಲ್ಲೇ ಇತ್ತಲ್ಲೋ" ಎಂದಿದ್ದಳು. ನಮ್ಮ ಹೊಳೆ ಲೈನು! ಅಲ್ಲಿದ್ದಾಗ ಅವಳ ಬಾಯಲ್ಲಿ ನಮ್ಮ, ಲೈನು ಎಂಬ ಎರಡು ಪದಗಳು ಹಾಗೆ ಜೊತೆಗೆ ಬಂದದ್ದನ್ನು ನಾನು ಕೇಳಿರಲಿಲ್ಲ. ಲೈನಿಗೆ ಜಾಗ ಆರಿಸಿದವರು ಅಲ್ಲಿ ಮಲಗುವವರಲ್ಲ. ಕಾಫಿಗೆ, ಚಹಾಕ್ಕೆ ಒಳ್ಳೆಯ ನೆಲ ಬಿಟ್ಟು ಮಿಕ್ಕಿದ ಕಡೆ ಕಟ್ಟುತ್ತಿದ್ದರು.

ಕಾಫಿ ಬೆಲೆ ಬಿದ್ದ ಆ ವರ್ಷಗಳಲ್ಲೇ ಅಕ್ಕನೂ ತೋಟ ಬಿಟ್ಟು ಬಂಟ್ವಾಳದ ಕಡೆಗೆ ಹೋಗಿದ್ದಳು. ಕೆಲಸದ ಮೇಲೆ ಮಂಗಳೂರಿಗೆ ಹೋದಾಗ ವಿಚಾರಿಸಿಕೊಂಡು ಅವಳ ಮನೆಗೆ ಹೋದೆ. ಸರ್ಕಾರದ ಯೋಜನೆಯಲ್ಲಿ ಸಿಕ್ಕಿದ ಸಣ್ಣ ಮನೆ. ಬೇರೆಯವರ ಗೋಡೆಗೆ ತಾಗದೆ, ಸುತ್ತ ಒಂದಿಷ್ಟು ಅಂಗಳ, ನಾಲ್ಕು ಅಡಿಕೆ ಮರ. ಬಿ.ಪಿ.ಎಲ್. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಬಡತನ ರೇಖೆ ಎಂದು ಸರ್ಕಾರ ಅನುವಾದಿಸಿಕೊಂಡ ಅದರ ಕೊನೆಯ ಅಕ್ಷರವೂ ಲೈನೇ. ಒಂದು ಲೈನು ಬಿಟ್ಟವಳನ್ನು ಇನ್ನೊಂದರ ಕೆಳಗೆ ಬರೆದುಕೊಂಡಿದ್ದರು. ಅವಳಿಗೆ ಅದರ ಚಿಂತೆ ಇರಲಿಲ್ಲ. ನನ್ನನ್ನು ಕೈ ಹಿಡಿದು ಒಳಗೆ ಕರೆದೊಯ್ದು ಅಡುಗೆಮನೆ, ಬಚ್ಚಲು, ಹಟ್ಟಿ ಎಲ್ಲವನ್ನೂ ತೋರಿಸಿದಳು. ಹಕ್ಕುಪತ್ರ ತೆಗೆದು ಓದಲು ಕೊಟ್ಟಳು. ಹೆಸರು ಅವಳದೇ. ನಾನು ಅದನ್ನು ಜೋರಾಗಿ ಓದಬೇಕೆಂದು ಅವಳಿಗೆ ಆಸೆ ಇತ್ತು, ಓದಿದೆ.

ಮೀನು ಸಾರು, ಕುಚ್ಚಿಲಕ್ಕಿ ಅನ್ನ ಬಡಿಸಿದಳು. ಅಮ್ಮನನ್ನು ಕೇಳಿದಳು, ತಂದೆ ತೀರಿಕೊಂಡದ್ದಕ್ಕೆ ಕಣ್ಣೊರೆಸಿಕೊಂಡಳು. ಆಮೇಲೆ, "ನಿಮ್ದು ಈಗ ಎಲ್ಲಿ ಮನೆ? ಸ್ವಂತದ್ದಾ?" ಎಂದು ವಿಚಾರಿಸಿದಳು. ಬೆಂಗಳೂರಿನಲ್ಲಿ ಫ್ಲ್ಯಾಟು ಎಂದೆ. ದೊಡ್ಡ ಕಟ್ಟಡ, ಸಾಲು ಸಾಲು ಬಾಗಿಲು, ನಡುವೆ ಗೋಡೆ, ಪತ್ರ ಬ್ಯಾಂಕಿನಲ್ಲಿದೆ, ಸಾಲ ತೀರಬೇಕು ಎಂದೆಲ್ಲ ಹೇಳಿದೆ. ಅಕ್ಕ ನನ್ನ ಎಲೆಗೆ ಇನ್ನೊಂದು ತುಂಡು ಮೀನು ಹಾಕುತ್ತ, "ಓ, ಹಾಗಾದ್ರೆ ನೀವಿನ್ನೂ ಲೈನಲ್ಲೇ ಇದ್ದೀರಿ" ಎಂದಳು.